ಕರಾಟೆ ಸಾಲಿ ನೋಡಲಿಕ್ಕೆ ಮಾವನ ಜೊತೆ

ಗುದ್ದು ಬಿದ್ದದ್ದು ಎಡಗಲ್ಲಕ್ಕೆ. ಗುದ್ದಿದವನು ನನಗಿಂತ ಒಂದು ಗೇಣು ಎತ್ತರ, ಕೈಗೆ ಕೆಂಪು ಗ್ಲೌಸು. ನಾನು ಕೈ ಎತ್ತುವಷ್ಟರಲ್ಲಿ ಇನ್ನೊಂದು ಬಂತು. ಸಾಕು ಮಾರಾಯ ಎನ್ನೋಣವೆಂದರೆ ಬಾಯಲ್ಲಿ ಹಲ್ಲು ಉಳಿಯಲಿ ಅಂತ ಇಟ್ಟಿದ್ದ ರಬ್ಬರು. ಬಾಗಿಲಲ್ಲಿ ಪ್ಲಾಸ್ಟಿಕ್ ಖುರ್ಚಿ ಹಾಕಿಕೊಂಡು ನನ್ನ ಸೋದರಮಾವ ಮಲ್ಲಪ್ಪ ಚಹಾ ಕುಡಿಯುತ್ತಿದ್ದ. ಕಪ್ಪು ಕೆಳಗಿಡದೆ ಕೇಳಿದ.

"ಲೇ ಪರಸ್ಯಾ, ಜೀವ ಐತೇನೋ?"

ಐತಿ ಅಂತ ತಲೆ ಆಡಿಸಿದೆ.

"ಹಂಗಾರ ನಿಂದರು. ನನ್ನ ಚಹಾ ಮುಗೀಲಿ."

ಇದು ತಿಕೋಟಾದಲ್ಲಿ. ಹಂಗಾಮು ಮುಗಿದು ಖಾಲಿ ಬಿದ್ದ ಒಣದ್ರಾಕ್ಷಿ ಶೆಡ್ಡಿನಲ್ಲಿ ಒಬ್ಬ ಸರ್ ಕಿಕ್‌ಬಾಕ್ಸಿಂಗ್ ಹೇಳಿಕೊಡುತ್ತಿದ್ದರು, ನಮ್ಮ ಮನೆಯಲ್ಲಿ ಇಂಥದ್ದಕ್ಕೆಲ್ಲ ಕರಾಟೆ ಅಂತಲೇ ಹೆಸರು. ನಾನು ಬರೀ ನೋಡಿ ಹೋಗಲು ಬಂದವನು. ಹೊಸಬರನ್ನು ಅಲ್ಲಿ ಯಾರೂ ಹೊಡೆಯುವುದಿಲ್ಲ, ಅದನ್ನು ಸರ್ ಮೊದಲೇ ಹೇಳಿದ್ದರು. ತಪ್ಪು ಅವರದಲ್ಲ. ತಪ್ಪು ನನ್ನ ಬಲಗೈಯದು. ಹೇಗೆ ನಿಲ್ಲಬೇಕೆಂದು ತೋರಿಸಲು ಬಾಯಿಗೆ ರಬ್ಬರು ಕೊಟ್ಟು ಸರ್ "ರೆಡಿ" ಅಂದರು, ನನ್ನ ಕೈ ತಾನೇ ಹೋಗಿ ತೊಡೆ ತಟ್ಟಿತು. ಪಟ್ ಅಂತ ಇಡೀ ಶೆಡ್ಡಿಗೆ ಕೇಳಿತು. ನಮ್ಮ ಕಡೆ ತೊಡೆ ತಟ್ಟಿದ ಅಂದರೆ ಏನರ್ಥ ಅಂತ ನಿಮಗೂ ಗೊತ್ತು. ಇಲ್ಲಿ ಗಂಡಸು ಯಾರಿದ್ದೀರಿ ಬರ್ರಿ ಅಂತ. ಅಲ್ಲಿದ್ದವರೆಲ್ಲ ಕುಸ್ತಿ ನೋಡಿ ಬೆಳೆದ ಹುಡುಗರು. ತೊಡೆ ತಟ್ಟಿದವನನ್ನು ಹಾಗೇ ಕಳಿಸಿದರೆ ಊರಿಗೇ ಅವಮಾನ. ಇದ್ದವರಲ್ಲಿ ದೊಡ್ಡವನು ಎದ್ದು ಬಂದ. ಸರ್ ಕೂಡ ತಡೆಯಲಿಲ್ಲ. ತಡೆದರೆ ಅದು ನನಗೂ ಅವಮಾನ ಅಂದುಕೊಂಡಿರಬೇಕು.

ಈ ತೊಡೆ ತಟ್ಟುವ ಚಟ ನನಗೆ ಸಣ್ಣವನಿದ್ದಾಗ ಅಂಟಿದ್ದು. ನಮ್ಮ ಜೈನಾಪುರದಲ್ಲಿ ಕುಸ್ತಿ ಕಲಿಸುವ ಒಂದು ತಾಲೀಮು ಮನೆ ಇತ್ತು. ಬಗ್ಗಿ ಹೋಗುವಂಥ ಸಣ್ಣ ಬಾಗಿಲು, ಒಳಗೆ ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿದ ಕೆಂಪು ಮಣ್ಣು. ಅಪ್ಪ ಒಂದು ಮುಂಜಾನೆ ನನ್ನನ್ನು ಎತ್ತಿ ಆ ಮಣ್ಣಿನೊಳಗೆ ಒಗೆದು ಹೊಲಕ್ಕೆ ಹೋದ. ಆಯಿ, ಅಂದರೆ ನಮ್ಮ ಅಜ್ಜಿ, ದಿನಾ ಮಾದಲಿ, ತುಪ್ಪ ತಿನ್ನಿಸಿ ನನ್ನನ್ನು ಗಡಿಗೆ ಮಾಡಿಟ್ಟಿದ್ದಳು. ಅಲ್ಲಿಯ ಗುರು, ವಸ್ತಾದಿ, ಮೊದಲ ದಿನ ಕಲಿಸಿದ್ದು ತೊಡೆ ತಟ್ಟುವುದನ್ನೇ. ಅಂಗೈ ಬಟ್ಟಲು ಮಾಡಬೇಕು, ಸಪ್ಪಳ ಊರ ಹೊರಗಿನ ಬಾವಿಗೆ ಕೇಳಬೇಕು. ಅದು ನನಗೆ ಬಂತು. ಭಾಳ ಚೆನ್ನಾಗಿ ಬಂತು. ಕುಸ್ತಿ ಮಾತ್ರ ಬರಲಿಲ್ಲ. ತೊಡೆ ತಟ್ಟುತ್ತಿದ್ದೆ, ಎದುರಿನವನು ಬರುತ್ತಿದ್ದ, ನನ್ನ ಮೂಗು ಮಣ್ಣಿನಲ್ಲಿರುತ್ತಿತ್ತು. ಮನೆಗೆ ಹೋದರೆ ಆಯಿ ತಲೆಪಿನ್ನು ತಗೊಂಡು ಕಿವಿಯಿಂದ ಕೆಂಪು ಮಣ್ಣು ತೆಗೆಯುತ್ತ ವಸ್ತಾದಿಯ ವಂಶವನ್ನೇ ಬೈಯುತ್ತಿದ್ದಳು. ನನಗೇನೂ ಬೇಜಾರಿರಲಿಲ್ಲ. ಆ ಮಣ್ಣಿನ ವಾಸನೆ ಸೇರುತ್ತಿತ್ತು. ಒಂದೊಂದು ಸಲ ಯಾರೂ ನೂಕದಿದ್ದರೂ ಬಿದ್ದುಕೊಂಡಿರುತ್ತಿದ್ದೆ.

ಆಮೇಲೆ ತಾಲೀಮು ಬಿಟ್ಟೆ, ಸಾಲಿ ಬಿಟ್ಟೆ, ಗೂಡ್ಸ್ ಗಾಡಿ ಹಿಡಿದೆ. ಒಣದ್ರಾಕ್ಷಿ ಬಾಕ್ಸು ಹೇರಿಕೊಂಡು ತಿಕೋಟಾ, ಬಬಲೇಶ್ವರ, ಬಿಜಾಪುರ ಅಂತ ತಿರುಗುತ್ತೇನೆ. ಈಗ ವಿಜಯಪುರ ಅನ್ನಬೇಕು, ಬಾಯಿಗೆ ಬರುವುದಿಲ್ಲ. ಎಲ್ಲ ಬಿಟ್ಟರೂ ಕೈ ಚಟ ಬಿಡಲಿಲ್ಲ. ಬಾಕ್ಸು ಎತ್ತುವ ಮೊದಲು ಪಟ್. ಊಟ ಮುಗಿಸಿ ಏಳುವಾಗ ಪಟ್. ನನ್ನ ಮದುವೆಯಲ್ಲಿ ಅಕ್ಷತೆಗೆ ಎದ್ದು ನಿಲ್ಲುವಾಗಲೂ ಪಟ್. ಬ್ಯಾಂಡಿನವರು ಜಗಳ ಹತ್ತಿತೇನೋ ಅಂತ ಒಂದು ಗಳಿಗೆ ಬಾರಿಸುವುದು ಬಿಟ್ಟರು. ಪಕ್ಕದಲ್ಲಿ ನಿಂತ ರೇಣುಕಾ ಬಾಸಿಂಗದ ಒಳಗೇ ನಕ್ಕಳು.

ರೇಣುಕಾ ಅಂದರೆ ನನ್ನ ಹೆಂಡತಿ. ತೊರವಿಯವಳು. ಬಬಲೇಶ್ವರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಈ ಎಲ್ಲ ಉಸಾಬರಿ ಶುರುವಾದದ್ದು ಅವಳಿಂದ. ನನಗೆ ಯಾರನ್ನೂ ಹೊಡೆಯುವ ಆಸೆ ಇರಲಿಲ್ಲ.

ಹೆಣ್ಣು ನೋಡಲು ತೊರವಿಗೆ ಹೋಗಿದ್ದೆವು. ಹಿರಿಯರು ಅವಲಕ್ಕಿ ತಿನ್ನುತ್ತ ಮಳೆ ಬೆಳೆ ಮಾತಾಡುತ್ತಿದ್ದರು. ನಮ್ಮಿಬ್ಬರನ್ನು ಅಂಗಳದಲ್ಲಿ ಬಿಟ್ಟರು, ಏನಾದರೂ ಕೇಳುವುದಿದ್ದರೆ ಕೇಳಿಕೊಳ್ಳಿ ಅಂತ. ಅವಳೇ ಕೇಳಿದಳು.

"ನಾ ಕರಾಟೆ ಕಲೀಬೇಕು ಅಂತೀನಿ. ಬ್ಯಾಡ ಅನ್ನೂದಿದ್ರ ಈಗ ಹೇಳ್ರಿ."

"ಕಲಿ," ಅಂದೆ.

ಮುಗಿಯಿತು ನಮ್ಮ ಮಾತು. ಹಾಸ್ಟೆಲಿನಲ್ಲಿದ್ದಾಗ ಒಬ್ಬ ಮೇಡಂ ಸ್ವಲ್ಪ ದಿನ ಕಲಿಸಿದ್ದರಂತೆ. ಕಾಲು ಅಗಲ ಮಾಡಿ ನಿಲ್ಲುವುದು, ಮುಷ್ಟಿ ಹಿಡಿಯುವುದು, ಒದರುವುದು. ಅಷ್ಟಕ್ಕೆ ಮೇಡಂ ಬೇರೆ ಊರಿಗೆ ಹೋದರು. ಮುಂದಿನದು ಏನು ಅಂತ ಅಂದಿನಿಂದ ಅವಳಿಗೆ ತಲೆಯಲ್ಲಿ ಕೊರೆಯುತ್ತಿತ್ತು. ಮದುವೆಯಾಗಿ ವರ್ಷ ತುಂಬಿತು. ಒಂದು ದಿನವೂ ಅವಳು ಆ ಮಾತು ನೆನಪಿಸಲಿಲ್ಲ. ನೆನಪಿಸಿದ್ದರೆ ಚಲೋ ಇತ್ತು, ಜಗಳ ಆಡಬಹುದಿತ್ತು. ರೊಟ್ಟಿ ಬಡಿಯುವಾಗ ಮಾತ್ರ ಒಲೆ ಅಲುಗುತ್ತಿತ್ತು.

ಕೊಟ್ಟ ಮಾತು ನನ್ನದು ಅಂತ ಕಡೆಗೆ ನಾನೇ ಅವ್ವನ ಮುಂದೆ ತೆಗೆದೆ. ಅವ್ವ ಕೆಟ್ಟವಳಲ್ಲ, ಅಂಜುಬುರುಕಿ. ಸ್ವಲ್ಪ ಹೊತ್ತು ಬಳ್ಳೊಳ್ಳಿ ಸುಲಿದು ತೀರ್ಪು ಕೊಟ್ಟಳು.

"ಮೊದ್ಲ ನೀ ಹೋಗು. ನಿನ್ನ ಕೈಕಾಲು ನೆಟ್ಟಗ ತಿರುಗಿ ಬಂದ್ರ ಆಮ್ಯಾಲ ಅಕಿನ್ನ ಕಳಸ್ತೀನಿ. ಮಗ ಮುರದ್ರ ಕಟ್ಟಿಸಬೌದು. ಮಂದಿ ಮಗಳು ಮುರದ್ರ ಬೀಗರಿಗೆ ಏನ್ ಹೇಳ್ಲಿ?"

ಹೀಗೆ ನಾನು ಕರಾಟೆ ಸಾಲಿ ಹುಡುಕಲು ಹೊರಟದ್ದು. ಚಲೋ ಸಾಲಿ ಸಿಕ್ಕಿ ನಾನು ಸಾಬೂತು ಉಳಿದರೆ ರೇಣುಕಾಗೆ ದಾರಿ. ಇಲ್ಲವಾದರೆ ಇಲ್ಲ. ಆರಿಸುವುದನ್ನು ನನ್ನೊಬ್ಬನ ಕೈಗೆ ಬಿಡಲು ಅವ್ವ ತಯಾರಿರಲಿಲ್ಲ. ಮದುವೆಗೆ ನಾನೇ ಆರಿಸಿ ತಂದ ಬೂಟು ಕಾಲಿಗೆ ಹತ್ತದೆ ಬರಿಗಾಲಲ್ಲಿ ಮೆರವಣಿಗೆ ಹೋದವನು ನಾನು. ಅದಕ್ಕೆ ಮಲ್ಲಪ್ಪ ಮಾವನನ್ನು ಜೊತೆ ಮಾಡಿದಳು.

ಮಾವ ನಮ್ಮ ಬಳಗದ ಮದುವೆಗಳನ್ನೆಲ್ಲ ಜೋಡಿಸಿದವನು. ಅವನಿಗೆ ಏನನ್ನಾದರೂ ಆರಿಸಲು ಗೊತ್ತಿದ್ದದ್ದು ಒಂದೇ ರೀತಿ, ಗಂಡಿನ ಮನೆ ನೋಡುವ ರೀತಿ. ಹೇಳದೇ ಕೇಳದೇ ಹೋಗಬೇಕು. ಮುಂದಿನ ಬಾಗಿಲಿಂದ ಹೋಗಬಾರದು, ಹಿತ್ತಲಿಂದ ಹೋಗಬೇಕು. ನೀರಿನ ಕೊಡ ನೋಡಬೇಕು, ಒಲೆ ನೋಡಬೇಕು, ದನದ ಹೊಟ್ಟೆ ನೋಡಬೇಕು. ಯಾರ ಪೈಕಿ ಅಂತ ಕೇಳಬೇಕು. ಚಹಾ ಕುಡಿಯಬಹುದು, ಮಾತು ಕೊಡಬಾರದು. ಕರಾಟೆ ಸಾಲಿಗೂ ಇದೇ ನಡೆಯುತ್ತದೆ ಅಂದ. ನಡೆಯುವುದಿಲ್ಲ ಅಂತ ಹೇಳಲು ನನಗೂ ಏನು ಗೊತ್ತಿತ್ತು?

ತಿಕೋಟಾಕ್ಕಿಂತ ಮೊದಲು ನೋಡಿದ್ದು ಬಿಜಾಪುರದಲ್ಲಿ, ಗೋಳಗುಮ್ಮಟದ ಹತ್ತಿರ. ಕೆಳಗೆ ಬ್ಯಾಗಿನ ಅಂಗಡಿ, ಮೇಲೆ ಕ್ಲಾಸು. ಹಿತ್ತಲ ಬಾಗಿಲು ಇಲ್ಲ ಅಂತ ಮಾವನಿಗೆ ಮೊದಲ ಸಿಟ್ಟು. ಒಳಗೆ ಹೋದರೆ ನಾಲ್ಕೂ ಗೋಡೆಗೆ ಕನ್ನಡಿ. ನನ್ನ ಹೊಟ್ಟೆಯನ್ನು ನಾನು ಅಷ್ಟು ಕಡೆಯಿಂದ ಎಂದೂ ನೋಡಿರಲಿಲ್ಲ. ಸರ್ ಒಳ್ಳೆಯವರು, ಕೂಡಿಸಿ ಮಾತಾಡಿದರು. ಈ ವಿದ್ಯೆ ಬುದ್ಧನ ಭಿಕ್ಷುಗಳಿಂದ ಬಂದದ್ದು ಅಂತ ಹೇಳಿದರು. ನಿಮ್ಮ ಗುರು ಯಾರು, ಅವರ ಗುರು ಯಾರು, ಅವರು ಮೂಲ ಯಾವ ಊರಿನವರು ಅಂತ ಮಾವ ಏಳು ತಲೆಮಾರು ಜಾಲಾಡಿದ. ಹೆಣ್ಣುಮಕ್ಕಳಿಗೆ ಮುಂಜಾನೆ ನಸುಕಿನಲ್ಲಿ ಬೇರೆ ಕ್ಲಾಸು ಅಂದರು ಸರ್. ಜೈನಾಪುರದಿಂದ ಆ ಹೊತ್ತಿಗೆ ಬಸ್ಸಿಲ್ಲ. ಅಲ್ಲಿಗೇ ಆ ಸಾಲಿ ಮುಗಿಯಿತು. ಮಾವನಿಗೆ ಮಾತ್ರ ಕಾರಣ ಬೇರೆ. ಹಾಸಿದ ಚಾಪೆ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಮೆಟ್ಟಿಲು ಇಳಿಯುವಾಗ ಹೇಳಿದ, "ಮಸಿ ಇಲ್ಲದ ಒಲಿ ಮ್ಯಾಲ ಅಡಗಿ ಆಗಿರೂದಿಲ್ಲೋ ತಮ್ಮಾ."

ಬುದ್ಧನ ಮಾತು ಕೇಳಿದರೆ ಅವ್ವ ಮೆತ್ತಗಾಗುತ್ತಾಳೆ ಅಂದುಕೊಂಡು ಮನೆಯಲ್ಲಿ ಅದನ್ನೇ ಹೇಳಿದೆ. ನಮ್ಮ ಪಡಸಾಲೆಯಲ್ಲಿ ಅಂಬೇಡ್ಕರರ ಪಕ್ಕ ಬುದ್ಧನ ಫೋಟೋ ಇದೆ, ಅವ್ವ ದಿನಾ ದೀಪ ಹಚ್ಚುತ್ತಾಳೆ. ಅವ್ವ ಫೋಟೋ ಕಡೆ ಕೈ ಮಾಡಿದಳು. "ನೋಡು, ಅಂವ ಹ್ಯಾಂಗ ಸುಮ್ನ ಕುಂತಾನ."

ನಾನು ಗಾಡಿ ಕೀಲಿ ಹುಡುಕಿಕೊಂಡು ಹೊರಗೆ ಬಂದೆ.

ಎರಡನೆಯದು ಈ ತಿಕೋಟಾದ್ದು. ಮಾವನಿಗೆ ಅದು ಭಾಳ ಹಿಡಿಸಿತ್ತು. ಹಿತ್ತಲ ಬಾಗಿಲಿತ್ತು, ಚಹಾ ಗಟ್ಟಿ ಇತ್ತು, ಸರ್ ತಾವೇ ಕಸ ಹೊಡೆಯುತ್ತಿದ್ದರು. ನನ್ನ ಕೈ ಸುಮ್ಮನಿದ್ದಿದ್ದರೆ ಅಲ್ಲೇ ಸೇರುತ್ತಿದ್ದೆನೇನೋ. ಗುದ್ದಿದವನು ಆಮೇಲೆ ತಾನೇ ಐಸ್ ತಂದು ಒತ್ತಿದ, ಭಾಳ ಹತ್ತಿತೇನಣ್ಣಾ ಅಂತ ಕೇಳಿದ. ಹುಡುಗ ಬಂಗಾರ. ಆದರೆ ಗಲ್ಲ ಅಷ್ಟೊತ್ತಿಗೆ ಬದನೆಕಾಯಿ ಆಗಿತ್ತು.

ಮನೆಗೆ ಬಂದೆ. ಅವ್ವ ನೋಡಿದಳು. ಬೈಯಲಿಲ್ಲ. ಇನ್ನು ಮುಂದೆ ಈ ಮನೆಯಲ್ಲಿ ಕರಾಟೆ ಅನ್ನೋ ಮಾತು ಬೇಡ ಅಂತ ಮೆಲ್ಲಗೆ ಹೇಳಿ ಒಳಗೆ ಹೋದಳು. ಅವ್ವ ಒದರಿದರೆ ಸರಿ ಹೋಗುತ್ತದೆ. ಮೆಲ್ಲಗೆ ಹೇಳಿದರೆ ಅದು ಪಕ್ಕಾ. ರೇಣುಕಾ ಹಂಚಿನ ಮೇಲೆ ಉಪ್ಪು ಹುರಿದಳು, ಅರಿವೆಯಲ್ಲಿ ಗಂಟು ಕಟ್ಟಿ ನನ್ನ ಗಲ್ಲಕ್ಕೆ ಶಾಖ ಕೊಡತೊಡಗಿದಳು. ಅಳುತ್ತಾಳೇನೋ ಅಂತ ನಾನು ಮುಖ ನೋಡಲಿಲ್ಲ. ಗಂಟು ಇನ್ನೊಮ್ಮೆ ಬಿಸಿ ಮಾಡಿ ತಂದು ಕೇಳಿದಳು.

"ಸೀದಾ ಬಂತೋ, ಬಾಜೂಕಿಂದ ಬಂತೋ?"

"ಏನು?"

"ಗುದ್ದು."

"ಬಾಜೂಕಿಂದ."

"ಹಂಗಾರ ಎಡಗೈ ಕಿವಿ ಮಟಾ ಎತ್ತಬೇಕಿತ್ತು ನೋಡ್ರಿ," ಅಂದಳು. ಅನ್ನುತ್ತ ಉಪ್ಪಿನ ಗಂಟು ಹಿಡಿದ ಕೈಯನ್ನೇ ತನ್ನ ಕಿವಿಯತನಕ ಎತ್ತಿ ತೋರಿಸಿದಳು. ಅಡುಗೆ ಮನೆಯಲ್ಲಿ, ಒಲೆ ಮುಂದೆ. ಕಣ್ಣು ಒಲೆಗಿಂತ ಜಾಸ್ತಿ ಹೊಳೆಯುತ್ತಿದ್ದವು. ಹಾಸ್ಟೆಲಿನ ಮೇಡಂ ಊರು ಬಿಟ್ಟಾಗ ಇವಳ ಜೀವ ಎಷ್ಟು ಕೊಸರಾಡಿರಬೇಕು ಅಂತ ನನ್ನ ಮಂದ ತಲೆಗೆ ಆವತ್ತು ಹೊಕ್ಕಿತು. ಇವಳು ಕಲಿಯಲೇಬೇಕು ಅಂದುಕೊಂಡೆ. ನನಗೆ ಇನ್ನೊಂದು ಗಲ್ಲ ಇತ್ತಲ್ಲ.

ಅವ್ವನನ್ನು ತಿರುಗಿಸಿದ್ದು ಮಾವ. ಎರಡು ಮನೆ ನೋಡಿ ನಿಲ್ಲಬಾರದು, ಅಪಶಕುನ, ಮೂರನೆಯದು ನೋಡಿಯೇ ನಿಲ್ಲಬೇಕು ಅಂತ ಹಟ ಹಿಡಿದ. ಇಂಥ ಶಾಸ್ತ್ರ ಇದೆಯೋ ಅವನೇ ಹುಟ್ಟಿಸಿದನೋ, ನಾನು ಕೇಳಲಿಲ್ಲ. ನೋಡಿ ಬರಲಿ, ಆದರೆ ಇವನು ಏನೂ ಮುಟ್ಟಬಾರದು ಅಂತ ಅವ್ವ ಒಪ್ಪಿದಳು.

ಮೂರನೆಯದು ಬಬಲೇಶ್ವರದಲ್ಲಿ. ಮದುವೆಗೆ ಬಾಡಿಗೆ ಕೊಡುವ ಒಂದು ಹಾಲ್, ಮದುವೆ ಇಲ್ಲದ ದಿನ ಅಲ್ಲಿ ಜೂಡೋ ಕ್ಲಾಸು. ಜೂಡೋ ಅಂದರೆ ಗುದ್ದುವುದಿಲ್ಲ, ಹಿಡಿದು ಕೆಡವುವುದು. ನಾವು ಮಟಮಟ ಮಧ್ಯಾಹ್ನ ಹಿಂದಿನ ಬಾಗಿಲಿಂದ ನುಗ್ಗಿದೆವು. ಒಳಗೆ ಬಾಡಿದ ಚೆಂಡುಹೂವಿನ ವಾಸನೆ. ಒಬ್ಬ ಹೆಣ್ಣುಮಗಳು ನೆಲಕ್ಕೆ ಕುಳಿತು ಡಬ್ಬಣ ಹಿಡಿದು ಹರಿದ ಗಾದಿ ಹೊಲಿಯುತ್ತಿದ್ದಳು. ಕ್ಲಾಸಿನ ಸರ್ ಎಲ್ಲಿದ್ದಾರೆ ಅಂತ ಮಾವ ಕೇಳಿದ. ಸರ್ ಇಲ್ಲ, ನಾನೇ ಅಂದಳು. ಅಲ್ಲಿ ಕಲಿಯುವವರೆಲ್ಲ ಆಕೆಗೆ ಅಕ್ಕೋರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮಾವ ಗಾದಿ ನೋಡಿದ. ತೇಪೆಯ ಮೇಲೆ ತೇಪೆ, ನಡುವೆ ಹೊಂಡ. ನನ್ನ ಕಿವಿಯಲ್ಲಿ, ಇಲ್ಲಿ ಒಲೆ ಉರಿಯುತ್ತದೆ ಅಂದ.

ಏನು ಬರುತ್ತದೆ ಅಂತ ಅಕ್ಕೋರು ನನ್ನನ್ನು ಕೇಳಿದರು. ನಾನು ಎರಡೂ ಕೈ ತೊಡೆ ಕೆಳಗೆ ಹಾಕಿಕೊಂಡು ಕುಳಿತಿದ್ದೆ, ಎಲ್ಲಿ ಮತ್ತೆ ಪಟ್ ಅನ್ನುತ್ತವೋ ಅಂತ. ಏನೂ ಬರುವುದಿಲ್ಲ ಅಂದೆ. ಹಾಗಾದರೆ ಬೀಳು ಅಂದರು. ಇಲ್ಲಿ ಮೊದಲು ಬೀಳುವುದು, ಆಮೇಲೆ ಕೆಡವುವುದು. ಮುಟ್ಟಬಾರದು ಅಂತ ಅವ್ವ ಹೇಳಿದ್ದಳು, ಬೀಳಬಾರದು ಅಂತ ಹೇಳಿರಲಿಲ್ಲ. ಬಿದ್ದೆ. ಬೆನ್ನು ನೆಲಕ್ಕೆ ಹತ್ತುವ ಹೊತ್ತಿಗೆ ಕೈಯಿಂದ ಗಾದಿಯನ್ನು ಜೋರಾಗಿ ತಟ್ಟಬೇಕಂತೆ, ಪೆಟ್ಟೆಲ್ಲ ಕೈಗೆ ಹೋಗಿ ಬೆನ್ನು ಉಳಿಯುತ್ತದಂತೆ. ತಟ್ಟಿದೆ. ಸಪ್ಪಳ ಕೇಳಿ ಅಕ್ಕೋರು ಡಬ್ಬಣ ಕೆಳಗಿಟ್ಟರು. ಇದನ್ನು ಎಲ್ಲಿ ಕಲಿತೆ ಅಂದರು. ವಸ್ತಾದಿ ಕಲಿಸಿದ್ದರಲ್ಲಿ ಒಂದಾದರೂ ಕೆಲಸಕ್ಕೆ ಬಂತಲ್ಲ ಅಂತ ನನಗೆ ಎಲ್ಲಿಲ್ಲದ ಹುರುಪು. ಹಿಂದಕ್ಕೆ ಬಿದ್ದೆ, ಬದಿಗೆ ಬಿದ್ದೆ, ಉರುಳಿ ಬಿದ್ದೆ. ಸಣ್ಣವನಾಗಿದ್ದಾಗ ಕೆಂಪು ಮಣ್ಣಿನಲ್ಲಿ ಬಿದ್ದಷ್ಟೇ ಸುಖ. ಮುಂಜಾನೆಯಿಂದ ಬರೀ ಚಹಾದ ಮೇಲಿದ್ದೆ. ಕಡೆಗೆ ಎದ್ದು ನಿಂತಾಗ ಇಡೀ ಹಾಲ್ ಗಿರ್ರನೆ ತಿರುಗಿ ನಾನು ಗೋಡೆ ಹಿಡಿದು ಕುಸಿದೆ.

ಅಕ್ಕೋರು ತಮ್ಮ ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಅಂಗೈಗೆ ಸಕ್ಕರೆ ಸುರಿದರು. ತಿನ್ನು, ತಲೆ ನಿಲ್ಲುತ್ತದೆ ಅಂದರು. ತಿಂದೆ. ತಲೆ ನಿಂತಿತು. ನೋಡಿದರೆ ಮಾವ ಎದ್ದು ನಿಂತಿದ್ದಾನೆ, ಟೋಪಿ ಸರಿ ಮಾಡಿಕೊಳ್ಳುತ್ತಿದ್ದಾನೆ.

"ಮುಗೀತು," ಅಂದ. "ಹಿರೇರ ಮುಂದ ಸಕ್ಕರಿ ತಿಂದಿ."

ನಮ್ಮ ಕಡೆ ಮದುವೆ ಮಾತು ಪಕ್ಕಾ ಆಗುವುದು ಹೀಗೆ. ಹೆಣ್ಣಿನವರು, ಗಂಡಿನವರು ಹಿರಿಯರ ಮುಂದೆ ಸಕ್ಕರೆ ತಿಂದರೆ ತೀರಿತು. ನಾಳೆ ರಾಜನ ಮನೆ ಸಂಬಂಧ ಬಂದರೂ ಹಿಂದೆ ಸರಿಯುವಂತಿಲ್ಲ. ತಲೆ ತಿರುಗಿದ್ದಕ್ಕೆ ತಿಂದದ್ದು ಮಾವಾ ಅಂದೆ. ಯಾಕೆ ತಿಂದಿ ಅಂತ ಶಾಸ್ತ್ರ ಕೇಳುವುದಿಲ್ಲ ಅಂದ. ಅಕ್ಕೋರ ಕಡೆ ತಿರುಗಿ, ನಮ್ಮ ಹುಡುಗ ಇನ್ನು ನಿಮ್ಮವನು, ಇವನ ಹಿಂದೆ ಇವನ ಹೆಂಡತಿಯೂ ಬರುತ್ತಾಳೆ ಅಂತ ಕೈ ಮುಗಿದ. ಆಕೆ ನಗುತ್ತಾರೆ ಅಂದುಕೊಂಡೆ. ಆಕೆಯೂ ಇದೇ ಕಡೆಯವರು. ನಗಲಿಲ್ಲ.

"ಒಂದ ಕಡ್ಯಾವರು ತಿಂದ್ರ ಪಕ್ಕಾ ಹ್ಯಾಂಗ ಆಗ್ತೈತ್ರಿ? ಇವರ ಅವ್ವಾರು ಬರ್ಲಿ. ನೋಡ್ಲಿ. ಒಪ್ಪಿದ್ರ ಅವರೂ ತಿನ್ಲಿ."

ಮನೆಯಲ್ಲಿ ಅವ್ವ ಹಣೆ ಬಡಿದುಕೊಂಡಳು. ಕಂಡವರ ಮನೆಯ ಸಕ್ಕರೆ ತಿನ್ನಲು ನಿನಗೇನು ಬರಗಾಲ ಬಂದಿತ್ತು ಅಂದಳು. ಆದರೆ ಅಣ್ಣನ ಮುಂದೆ ತಿಂದ ಸಕ್ಕರೆ. ಹೋಗಿ ನೋಡದೇ ಇಲ್ಲ ಅನ್ನುವ ಹಾಗಿರಲಿಲ್ಲ. ಅಮಾಸಿ ಮುಗಿಯಲಿ, ಬರುತ್ತೇನೆ ಅಂದಳು. ಅಲ್ಲಿಯತನಕ ಕ್ಲಾಸಿದ್ದ ದಿನವೆಲ್ಲ ನಾನು ಗಾಡಿ ಬಿಟ್ಟ ಮೇಲೆ ಹೋಗಿ ಬಿದ್ದು ಬರುತ್ತಿದ್ದೆ. ಎಲ್ಲೂ ಮುರಿಯಲಿಲ್ಲ. ಮನೆಗೆ ಬಂದ ಕೂಡಲೇ ಅವ್ವ ಎತ್ತು ಕೊಳ್ಳುವವರ ಹಾಗೆ ನನ್ನ ಕೈಕಾಲು ಹಿಡಿದು ನೋಡುತ್ತಿದ್ದಳು. ರೇಣುಕಾ ನೋಡುತ್ತಿದ್ದದ್ದು ಅವ್ವನ ಮುಖ.

ಹೋದ ರವಿವಾರ ನನ್ನ ಗಾಡಿಯಲ್ಲೇ ಹೊರಟೆವು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ಚೀಲದಲ್ಲಿ ತೆಂಗಿನಕಾಯಿ, ಕುಬಸದ ಅರಿವೆ. ಮೊದಲ ಸಲ ಒಂದು ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದಾ ಅಂದಳು. ಅವ್ವ, ರೇಣುಕಾ ಮುಂದೆ ನನ್ನ ಪಕ್ಕ, ಮಾವ ಹಿಂದೆ ಖಾಲಿ ಬಾಕ್ಸುಗಳ ನಡುವೆ ಟೋಪಿ ಹಿಡಿದುಕೊಂಡು ನಿಂತಿದ್ದ. ದಾರಿಯಲ್ಲಿ ರೇಣುಕಾ ಚೂಡಿದಾರದ ವೇಲನ್ನು ಬಿಚ್ಚುತ್ತಿದ್ದಳು, ಮತ್ತೆ ಬಿಗಿಯುತ್ತಿದ್ದಳು.

ಅಕ್ಕೋರು ಅವ್ವನನ್ನು ಕಬ್ಬಿಣದ ಖುರ್ಚಿಯಲ್ಲಿ ಕೂಡಿಸಿ, ಕಾಯಿ, ಕುಬಸ ಕಣ್ಣಿಗೊತ್ತಿ ತಗೊಂಡರು. ಸಕ್ಕರೆ ಬಟ್ಟಲು ಮುಂದಿಟ್ಟರು. ಅವ್ವ ಮುಟ್ಟಲಿಲ್ಲ. ಮೊದಲು ನೋಡಬೇಕು ಅಂದಳು.

ಹೊಸಬರು ಮೊದಲು ಬೀಳಬೇಕು, ಅದು ಇಲ್ಲಿಯ ನಿಯಮ. ರೇಣುಕಾ ಬಿದ್ದಳು. ನಾನು ತಾಲೀಮಿನ ಮಣ್ಣಿನಲ್ಲಿ ಎಷ್ಟೋ ದಿನ ಬಿದ್ದು ಕಲಿತದ್ದು ಅವಳಿಗೆ ಚಹಾ ಕುದಿಯುವಷ್ಟರಲ್ಲಿ ಬಂತು. ಅಕ್ಕೋರು ಗಳಿಗೆ ಯೋಚಿಸಿ ನನ್ನನ್ನು ಕರೆದರು. ಇವನಿಗೆ ಬೀಳುವುದು ಬರುತ್ತದೆ, ತೂಕವೂ ಇದೆ, ಒಂದು ಸಲ ಎತ್ತಿ ನೋಡು ಅಂತ ರೇಣುಕಾಗೆ ಹೇಳಿದರು. ಒಂದು ಕೈಯಲ್ಲಿ ತೋಳು ಹಿಡಿ, ಇನ್ನೊಂದು ಬೆನ್ನಿಗೆ ಹಾಕು, ತಿರುಗು, ಮೊಣಕಾಲು ಬಗ್ಗಿಸಿ ಟೊಂಕದ ಮೇಲೆ ತಗೋ. ಕೊಡ ಟೊಂಕಕ್ಕೆ ಇಟ್ಟುಕೊಳ್ಳುವುದಿಲ್ಲವಾ, ಹಾಗೆ. ಮೊದಲ ಸಲ ಅವಳು ತಿರುಗಿದಳು, ನಾನು ಅಲ್ಲಾಡಲಿಲ್ಲ. ಎರಡನೆಯ ಸಲ ಇಬ್ಬರೂ ತೂಗಾಡಿ ನಿಂತೆವು. ಸುಮ್ಮನೆ ಬಿದ್ದುಬಿಡಲೇನು ಅಂತ ಮೆಲ್ಲಗೆ ಕೇಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

ಮೂರನೆಯ ಸಲ ಅವಳ ಹೊಟ್ಟೆಯಿಂದ ಒಂದು ಕೂಗು ಬಂತು. ಹಾಸ್ಟೆಲಿನಲ್ಲಿ ಕಲಿತದ್ದು ಇರಬೇಕು. ನನ್ನ ಕಾಲು ನೆಲ ಬಿಟ್ಟವು. ಮೇಲಿನ ಫ್ಯಾನು ಕಾಲ ಕೆಳಗೆ ಕಂಡಿತು. ಆಮೇಲೆ ಗಾದಿ.

ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ರೇಣುಕಾ ಬೆವರು ಒರೆಸುವುದನ್ನೂ ಮರೆತು ಅವ್ವನ ಕಡೆ ನೋಡುತ್ತಿದ್ದಳು. ನಾನು ಬಿದ್ದಲ್ಲೇ ಬಿದ್ದುಕೊಂಡೆ. ಸೊಸೆ ಮಗನನ್ನು ಎತ್ತಿ ಒಗೆದದ್ದನ್ನು ತಾಯಿ ಕಣ್ಣಾರೆ ನೋಡಿದಳು, ಇನ್ನು ಯಾವ ಸಾಲಿ, ಯಾವ ಜೂಡೋ ಅಂದುಕೊಂಡೆ.

ಅವ್ವ ಎದ್ದಳು. ಖುರ್ಚಿಯನ್ನು ಕಿರ್ರ್ ಅಂತ ಎಳೆದುಕೊಂಡು ಗಾದಿಯ ಅಂಚಿಗೇ ತಂದಳು. ಕುಳಿತಳು. ಬಟ್ಟಲಿಂದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ರೇಣುಕಾಗೆ ಹೇಳಿದಳು.

"ಇನ್ನೊಮ್ಮೆ ಕೆಡವು ಬೇ. ಸೆರಗು ಸರಿ ಮಾಡ್ಕೊಳ್ಳಾಕತ್ತಿದ್ದೆ, ಚಂದಾಗಿ ನೋಡ್ಲಿಲ್ಲ."

ಕೆಡವಿದಳು. ಅಷ್ಟೇ. ಹೇಳಲು ಇನ್ನೇನೂ ಇಲ್ಲ.